ಮೂವತ್ತೈದರ ಕರುಣೆ

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಇನ್ನೆರಡು ಮೂರು ತಿಂಗಳು ಇದೆ ಅನ್ನುವಾಗ ನಮ್ಮ ರಾಜ್ಯದ ಹೈಸ್ಕೂಲುಗಳಲ್ಲಿ ಒಂದು ಜೆರಾಕ್ಸ್ ಕಟ್ಟು ಕೈಯಿಂದ ಕೈಗೆ ಓಡಾಡೋಕೆ ಶುರುವಾಗುತ್ತೆ. ಅದರ ಹೆಸರು ‘ಪಾಸಿಂಗ್ ಪ್ಯಾಕೇಜ್’. ಟ್ರಾವೆಲ್ಸ್‌ನವರ ಟೂರ್ ಪ್ಯಾಕೇಜ್ ಥರ ಕೇಳಿಸುತ್ತೆ, ಕೆಲಸವೂ ಹೆಚ್ಚೂಕಮ್ಮಿ ಅದೇ. ಪೂರ್ತಿ ಊರು ನೋಡೋಕೆ ಆಗದವರಿಗೆ ಐದಾರು ಜಾಗ ತೋರಿಸಿ, ಫೋಟೊ ತೆಗೆಸಿ, ಕತ್ತಲಾಗೋ ಮುಂಚೆ ವಾಪಸ್ ತಂದು ಬಿಡೋದು. ಗಣಿತದ ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಇರೋದು ಇಷ್ಟು: ಎರಡು ಸಮೀಕರಣಕ್ಕೆ ಗ್ರಾಫ್ ಎಳೆಯೋದು, ಥೇಲ್ಸ್ ಪ್ರಮೇಯ, ರೂಟ್ ಎರಡು ಅಭಾಗಲಬ್ಧ ಅನ್ನೋ ಸಾಧನೆ, ಸರಾಸರಿ-ಮಧ್ಯಾಂಕ-ಬಹುಲಕದ ಕೋಷ್ಟಕ, ಸಮಾಂತರ ಶ್ರೇಢಿಯ ಎರಡು ಸೂತ್ರ. ಇವನ್ನು ಇಪ್ಪತ್ತು ಮೂವತ್ತು ಸಲ ಬರೆಸಿದರೆ, ಶಾಲೆಯವರೇ ಕೊಡುವ 20 ಆಂತರಿಕ ಅಂಕವೂ ಸೇರಿ, ಹುಡುಗ ದಡ ಮುಟ್ಟುತ್ತಾನೆ.

ನಮ್ಮ ಭಾವ ತುಮಕೂರು ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಇಪ್ಪತ್ತೊಂದು ವರ್ಷದ ಸರ್ವಿಸ್. ಡಿಸೆಂಬರ್ ಬಂತೆಂದರೆ ಅವರು ಬೆಳಗ್ಗೆ ಐದಕ್ಕೆ ಎದ್ದು ‘ದತ್ತು’ ತಗೊಂಡ ಹತ್ತು ಹನ್ನೆರಡು ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸುತ್ತಾರೆ. ಥೇಲ್ಸ್ ಪ್ರಮೇಯದ ಸಾಧನೆಯನ್ನು ಮಗ್ಗಿ ಥರ ಹೇಳಿಸುತ್ತಾರೆ. ಆ ಮಕ್ಕಳಲ್ಲಿ ಅರ್ಧಕ್ಕರ್ಧ ಜನಕ್ಕೆ 432ನ್ನು 7ರಿಂದ ಭಾಗಿಸೋಕೆ ಬರಲ್ಲ ಅಂತ ಅವರೇ ಹೇಳ್ತಾರೆ. ಇದೇನು ಅವರ ಶಾಲೆಯ ವಿಶೇಷವಲ್ಲ. ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯಲ್ಲಿ, ಇಂಥ ಭಾಗಾಕಾರ ಮಾಡಬಲ್ಲ ಎಂಟನೇ ತರಗತಿ ಮಕ್ಕಳು ವರ್ಷಗಳಿಂದ ಅರ್ಧಕ್ಕಿಂತ ಕಡಿಮೆಯೇ ಇದ್ದಾರೆ.

“ಭಾಗಾಕಾರ ಬರದವನಿಗೆ ಪ್ರಮೇಯ ಬಾಯಿಪಾಠ ಮಾಡಿಸಿ ಪಾಸ್ ಮಾಡಿಸೋದು ಸುಳ್ಳಲ್ವಾ ಭಾವ?” ಅಂತ ಒಂದು ಸಲ ಕೇಳಿದ್ದೆ. ಅವರು ಸಿಟ್ಟಾಗಲಿಲ್ಲ. “ಸುಳ್ಳೇ ಅಂತಿಟ್ಕೊ. ಆ ಹುಡುಗಿ ಫೇಲಾದ್ರೆ ಏನಾಗುತ್ತೆ ಹೇಳು. ಜೂನಿಗೆ ಸ್ಕೂಲ್ ಬಂದ್, ಮುಂದಿನ ಮಾಘಕ್ಕೆ ಮದುವೆ. ನಾನು ಹೇಳಿದ ಸುಳ್ಳಿಗೆ ಅವಳಿಗೆ ಎರಡು ವರ್ಷ ಪಿಯುಸಿ ಸಿಕ್ತು. ನೀನು ನಿಜ ಹೇಳಿ ಏನು ಕೊಡ್ತೀಯ?”

ಈ ಪ್ರಶ್ನೆಯನ್ನು ನಾನು ತುಂಬ ದಿನ ಹೊತ್ತುಕೊಂಡು ಓಡಾಡಿದ್ದೇನೆ. ಪಠ್ಯಕ್ರಮ ಸುಧಾರಣೆ, ಮೌಲ್ಯಮಾಪನ ಸುಧಾರಣೆ ಅಂದಾಗಲೆಲ್ಲ ನಮ್ಮ ಚರ್ಚೆ ‘ಯಾವ ಪಾಠ ತೆಗೀಬೇಕು, ಯಾವುದು ಸೇರಿಸಬೇಕು’ ಅನ್ನೋದರಲ್ಲೇ ಮುಗಿಯುತ್ತೆ. ಕೋಡಿಂಗ್ ಸೇರಿಸಿ, ತ್ರಿಕೋನಮಿತಿ ತೆಗೀರಿ, ವೇದಿಕ್ ಮ್ಯಾಥ್ಸ್ ತನ್ನಿ. ಅದಕ್ಕೂ ಮುಂಚೆ ಕೇಳಬೇಕಾದ್ದು ಬೇರೆ ಇದೆ ಅನ್ನಿಸುತ್ತೆ: ಮಾರ್ಕ್ಸ್ ಕಾರ್ಡಿನಲ್ಲಿ ‘ಗಣಿತ: 35’ ಅಂತ ಅಚ್ಚಾದಾಗ ಯಾರು ಯಾರಿಗೆ ಏನು ಹೇಳುತ್ತಿದ್ದಾರೆ?

ಅಂಕ ಅನ್ನೋದು ಒಂದು ವಾಕ್ಯ. ಮೂರು ಜನ ಅದನ್ನು ಓದುತ್ತಾರೆ. ‘ಇವನಿಗೆ ಅಷ್ಟಿಷ್ಟು ಗಣಿತ ಬರುತ್ತೆ’ ಅಂತ ಕಾಲೇಜು ಓದಿಕೊಳ್ಳುತ್ತೆ, ‘ಇಷ್ಟು ಪರ್ಸೆಂಟ್ ಫಲಿತಾಂಶ’ ಅಂತ ಇಲಾಖೆ. ಮಗು ಮಾತ್ರ ಅದನ್ನು ತನ್ನ ಬಗ್ಗೆಯೇ ಓದಿಕೊಳ್ಳುತ್ತೆ, ‘ನಾನು ಇಷ್ಟೇ’ ಅಂತ. ಒಂದೇ ಸಂಖ್ಯೆ ಮೂರು ಕೆಲಸ ಮಾಡೋಕೆ ಹೋಗಿ ಮೂರನ್ನೂ ಕೆಡಿಸುತ್ತೆ.

ಡಾಕ್ಟರ್ ರಿಪೋರ್ಟಿನ ಉದಾಹರಣೆ ತಗೊಳ್ಳಿ. ಬಿಪಿ 150 ಇರುವವನಿಗೆ ಬೇಜಾರಾಗದಿರಲಿ ಅಂತ 120 ಬರೆದುಕೊಟ್ಟರೆ ಅದು ಕರುಣೆಯಲ್ಲ, ಅಪರಾಧ. ಹಾಗೇ ಭಾಗಾಕಾರ ಬರದವನಿಗೆ ಪಾಸ್ ಕೊಡೋದೂ ತಪ್ಪು ಅಂತ ವಾದಿಸಬಹುದು. ಆದರೆ ಹೀಗೊಂದು ಊರು ಊಹಿಸಿಕೊಳ್ಳಿ: ಅಲ್ಲಿ ಬಿಪಿ 140 ದಾಟಿದವರನ್ನು ಬಸ್ಸಿಗೆ ಹತ್ತಿಸಲ್ಲ, ಕೆಲಸಕ್ಕೆ ತಗೊಳ್ಳಲ್ಲ, ಔಷಧಿಯನ್ನೂ ಕೊಡಲ್ಲ. ಅಂಥ ಊರಿನಲ್ಲಿ ಒಳ್ಳೆ ಡಾಕ್ಟರ್ ಏನು ಮಾಡ್ತಾನೆ? 120 ಅಂತಲೇ ಬರೀತಾನೆ. ಬರೆಯದಿದ್ದರೆ ಅವನನ್ನು ಒಳ್ಳೆಯವನು ಅನ್ನೋದು ಕಷ್ಟ. ನಿಜ ಹೇಳೋ ಜವಾಬ್ದಾರಿ ಹೇಳುವವನೊಬ್ಬನ ತಲೆ ಮೇಲಷ್ಟೇ ಇರಲ್ಲ. ಕೇಳಿಸಿಕೊಂಡವರು ಆ ನಿಜವನ್ನು ಏನು ಮಾಡ್ತಾರೆ ಅನ್ನೋದೂ ಲೆಕ್ಕಕ್ಕೆ ಬರಬೇಕು. ನಮ್ಮ ಪರೀಕ್ಷೆ ರೋಗ ಹೇಳುತ್ತೆ, ಔಷಧಿ ಕೊಡಲ್ಲ, ಜೊತೆಗೆ ಬಸ್ಸಿನಿಂದಲೂ ಇಳಿಸುತ್ತೆ. ಇದನ್ನು ನೋಡಿಯೂ ಭಾವನನ್ನು ಸುಳ್ಳುಗಾರ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಹಾಗಂತ ಭಾವನ ಉತ್ತರ ಪೂರ್ತಿ ಸರಿ ಅಂತಲೂ ಅಲ್ಲ. ಆ ಹುಡುಗಿಗೆ ಪಿಯುಸಿ ಸಿಕ್ಕಿತು, ಸರಿ. ಭಾಗಾಕಾರ ಸಿಗಲಿಲ್ಲ. ಅದು ಬರಲ್ಲ ಅನ್ನೋದು ಯಾವ ಕಾಗದದಲ್ಲೂ ದಾಖಲಾಗದ ಕಾರಣ ಇನ್ನು ಮುಂದೆ ಅದನ್ನು ಕಲಿಸೋಕೆ ಯಾರೂ ಬರಲ್ಲ. ಸುಳ್ಳಿನ ಪೆಟ್ಟು ಬಿದ್ದದ್ದು ಇಲ್ಲಿ, ಕಾಲೇಜಿಗೆ ಅಲ್ಲ.

2024ರಲ್ಲಿ ಸರ್ಕಾರವೇ ಈ ಇಕ್ಕಟ್ಟಿಗೆ ಸಿಕ್ಕಿಹಾಕಿಕೊಂಡಿತ್ತು. ಕಾಪಿ ತಡೆಯೋಕೆ ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ಧಡಕ್ಕನೆ ಬಿತ್ತು. ಗ್ರೇಸ್ ಅಂಕವನ್ನು 10%ರಿಂದ 20%ಕ್ಕೆ ಏರಿಸಿದ ಮೇಲೂ ರಾಜ್ಯದ ಫಲಿತಾಂಶ 73.40% ಆಯ್ತು, ಹಿಂದಿನ ವರ್ಷ 83.89% ಇತ್ತು. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಗ್ರೇಸ್. ಟೀಕೆ ಬಂದು ಮುಂದಿನ ವರ್ಷ ಗ್ರೇಸ್ ನಿಂತಿತು. ಆಮೇಲೆ 2025ರ ಅಕ್ಟೋಬರಿನಲ್ಲಿ ಪಾಸಾಗೋಕೆ 35% ಬೇಡ, 33% ಸಾಕು ಅಂತ ಘೋಷಣೆಯಾಯ್ತು: 625ಕ್ಕೆ 206 ಬರಬೇಕು, ಪ್ರತಿ ವಿಷಯದಲ್ಲೂ ಕನಿಷ್ಠ 30. ಎಷ್ಟೋ ಬೋರ್ಡುಗಳಲ್ಲಿ ಇರೋದೂ 33ನೇ, ಹಾಗಾಗಿ ಇದೇನು ಆಕಾಶ ಕಳಚಿ ಬಿದ್ದ ಸಂಗತಿಯಲ್ಲ. ನನ್ನ ತಕರಾರು 35 ಹೋಗಿ 33 ಬಂತು ಅಂತಲ್ಲ. ಎರಡಕ್ಕೂ ಅರ್ಥವಿಲ್ಲ ಅಂತ. ಗಣಿತದಲ್ಲಿ ಮೂರನೇ ಒಂದು ಭಾಗ ಗೊತ್ತು ಅಂದರೆ ಯಾವ ಮೂರನೇ ಒಂದು ಭಾಗ? ಒಬ್ಬಳಿಗೆ ಶೇಕಡ, ಬಡ್ಡಿ, ಅಳತೆ ಗೊತ್ತು, ಪ್ರಮೇಯ ಗೊತ್ತಿಲ್ಲ. ಇನ್ನೊಬ್ಬನಿಗೆ ಪ್ರಮೇಯ ಬಾಯಿಪಾಠ, ಬೇರೇನೂ ಗೊತ್ತಿಲ್ಲ. ಇಬ್ಬರಿಗೂ 35. ಡ್ರೈವಿಂಗಿನಲ್ಲಿ ಮೂರನೇ ಒಂದು ಭಾಗ ಬಂದವನಿಗೆ ಲೈಸೆನ್ಸ್ ಕೊಡ್ತೀವಾ? (ಆರ್‌ಟಿಒ ಕಥೆ ಬಿಡಿ, ನಾನು ಹೇಳ್ತಿರೋದು ಪುಸ್ತಕದಲ್ಲಿರೋ ನಿಯಮ.)

ಇದನ್ನು ಓದುತ್ತಿರುವ ನೀವು, ಬರೆಯುತ್ತಿರುವ ನಾನು, ಇಬ್ಬರೂ ಮೊರದಲ್ಲಿ ಉಳಿದ ಕಾಳು. ಸಿಇಟಿ, ಕ್ಯಾಂಪಸ್ಸಿನ ಆಪ್ಟಿಟ್ಯೂಡ್ ಟೆಸ್ಟ್, ಎಲ್ಲ ಕಡೆ ಗಣಿತದ ಮೊರದಲ್ಲೇ ನಮ್ಮನ್ನು ಕೇರಿದ್ದು. ಹಾಗಾಗಿ ಮೊರ ಸರಿಯಾಗಿದೆ ಅಂತ ನಂಬೋದು ನಮಗೆ ಅನುಕೂಲ. ಒಂದು ಸಣ್ಣ ಪ್ರಯೋಗ ಮಾಡಿ. ನಿಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ನಾಲ್ಕು ಜನ ಎಂಜಿನಿಯರುಗಳನ್ನು ಕೇಳಿ: ‘ಫ್ಲಾಟ್ 10% ಬಡ್ಡಿಯಲ್ಲಿ ಒಂದು ಲಕ್ಷ ಸಾಲ, ಮೂರು ವರ್ಷ, ತಿಂಗಳಿಗೆ 3,611 ರೂಪಾಯಿ ಇಎಂಐ. ನಿಜವಾದ ಬಡ್ಡಿ ದರ ಎಷ್ಟು?’ ಹತ್ತು ಅನ್ನೋರೇ ಜಾಸ್ತಿ. ನೀವು ಪ್ರತಿ ತಿಂಗಳು ಅಸಲನ್ನೂ ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ ಒಂದು ಲಕ್ಷದ ಮೇಲೇ ಬೀಳುತ್ತಿರುತ್ತೆ. ಬ್ಯಾಂಕಿನ ಹೋಮ್ ಲೋನ್ ಲೆಕ್ಕದಲ್ಲಿ ಹೇಳೋದಾದರೆ ಅದು ಸುಮಾರು 18%. ಚೀಟಿ ಹಾಕುವ ನಮ್ಮ ಬೀದಿಯ ಹೂವಿನಂಗಡಿ ಅಕ್ಕನಿಗೆ ಸೂತ್ರ ಗೊತ್ತಿಲ್ಲದಿದ್ದರೂ ಈ ವಾಸನೆ ಬೇಗ ಬಡಿಯುತ್ತೆ. ಎಷ್ಟನೇ ತಿಂಗಳು ಚೀಟಿ ಎತ್ತಿದರೆ ಎಷ್ಟು ಕೈಬಿಡುತ್ತೆ ಅಂತ ಆಕೆ ನಿಂತ ನಿಲುವಿನಲ್ಲೇ ಹೇಳ್ತಾರೆ. ಆಕೆ ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಫೇಲ್.

ಇದು ಬರೀ ಬೀದಿ ಕಥೆಯಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ತೆರೆಜಿನ್ಹಾ ನುನೆಸ್ ಮತ್ತು ಸಂಗಡಿಗರು ಬೀದಿಯಲ್ಲಿ ಎಳನೀರು, ಹಣ್ಣು ಮಾರುವ ಐದು ಮಕ್ಕಳ ಜೊತೆ ಮಾಡಿದ ಅಧ್ಯಯನ 1985ರಲ್ಲಿ ಪ್ರಕಟವಾಯ್ತು. ಗಿರಾಕಿಗಳಾಗಿ ಹೋಗಿ ಕೇಳಿದಾಗ ಆ ಮಕ್ಕಳು 98% ಲೆಕ್ಕ ಸರಿ ಹೇಳಿದರು. ಅವೇ ಲೆಕ್ಕಗಳನ್ನು ಬರೀ ಸಂಖ್ಯೆಗಳಾಗಿ ಕೊಟ್ಟಾಗ ಸರಿಯಾದದ್ದು 37%. ಐದೇ ಮಕ್ಕಳು ಅಂತ ಮೂಗು ಮುರಿಯೋರಿಗೆ 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನ ಇದೆ. ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಕಂಡದ್ದೂ ಇದೇ: ಅಂಗಡಿ ಲೆಕ್ಕ ಸರಾಗ, ಶಾಲೆ ಲೆಕ್ಕ ಕಷ್ಟ. ಅದರಲ್ಲಿ ನನಗೆ ಹೆಚ್ಚು ಕಾಡಿದ್ದು ಇನ್ನೊಂದು ಮುಖ. ಮಾರುಕಟ್ಟೆ ಅನುಭವವಿಲ್ಲದ ಶಾಲಾ ಮಕ್ಕಳು ಪುಸ್ತಕದ ಲೆಕ್ಕ ಚೆನ್ನಾಗಿ ಮಾಡಿದರು, ಅಂಗಡಿ ಲೆಕ್ಕದಲ್ಲಿ ತಡವರಿಸಿದರು. ಸೇತುವೆ ಎರಡು ಕಡೆಯಿಂದಲೂ ಮುರಿದಿದೆ. ನಾವು ಮಾತ್ರ ಒಂದು ದಡದಲ್ಲಿ ನಿಂತವರಿಗೆ ‘ಜಾಣ’ ಅಂತಲೂ ಇನ್ನೊಂದು ದಡದವರಿಗೆ ‘ಫೇಲ್’ ಅಂತಲೂ ಸೀಲು ಒತ್ತುತ್ತೇವೆ.

ಹಾಗಾದರೆ ಎರಡು ಥರದ ಗಣಿತ ಇಡೋಣ, ಬೇಕಾದವರು ಬೇಕಾದ್ದು ತಗೊಳ್ಳಲಿ ಅನ್ನೋದು ಮೊದಲು ಹೊಳೆಯುವ ಉತ್ತರ. ಸಿಬಿಎಸ್‌ಇ ಅದನ್ನೇ ಮಾಡಿದೆ. 2020ರ ಪರೀಕ್ಷೆಯಿಂದ ಹತ್ತನೇ ತರಗತಿಗೆ ‘ಬೇಸಿಕ್’, ‘ಸ್ಟ್ಯಾಂಡರ್ಡ್’ ಅಂತ ಎರಡು ಪ್ರಶ್ನೆಪತ್ರಿಕೆ. ಪುಸ್ತಕ ಅದೇ, ಪಾಠ ಅದೇ, ಬೇಸಿಕ್ಕಿನಲ್ಲಿ ಪ್ರಶ್ನೆ ಸುಲಭ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಗಣಿತದಿಂದ ಶುರುಮಾಡಿ ಎಲ್ಲ ವಿಷಯಗಳನ್ನೂ ಎರಡು ಮಟ್ಟದಲ್ಲಿ ಕೊಡಬಹುದು ಅಂತ ಸೂಚಿಸಿದೆ. ಬೇಸಿಕ್ ತಗೊಂಡವರಿಗೆ ಹನ್ನೊಂದರಲ್ಲಿ ಗಣಿತ ಇಲ್ಲ ಅಂತ ನಿಯಮ ಮಾಡಿದ್ದರು. ಕೋವಿಡ್ ಬಂದ ಮೇಲೆ ಆ ಬಾಗಿಲನ್ನು ಸಡಿಲ ಬಿಟ್ಟರು.

ಸರ್ಕಾರಿ ಶಾಲೆ ಮೇಷ್ಟ್ರ ಮಗಳು ಸಿಬಿಎಸ್‌ಇಯಲ್ಲಿ ಓದುತ್ತಾಳೆ. ಅದನ್ನು ನಾನು ಆಡಿಕೊಳ್ಳಲ್ಲ, ನಮ್ಮಕ್ಕನ ಮುಂದೆಯಂತೂ ಖಂಡಿತ ಇಲ್ಲ. ಕಳೆದ ವರ್ಷ ಅವಳ ಶಾಲೆಯವರು ‘ಬೇಸಿಕ್ ಹಾಕ್ಸಿ, ಸೇಫ್’ ಅಂದರು. ಯಾರಿಗೆ ಸೇಫ್ ಅಂತ ಹೇಳಲಿಲ್ಲ. ಕಿರುಪರೀಕ್ಷೆಯಲ್ಲಿ 45ಕ್ಕಿಂತ ಕಡಿಮೆ ತೆಗೆದವರಿಗೆಲ್ಲ ಅದೇ ಸಲಹೆ ಅಂತ ಆಮೇಲೆ ಗೊತ್ತಾಯ್ತು. ಶಾಲೆಯ ಸರಾಸರಿ ಕೆಡಬಾರದು ನೋಡಿ. ಅಕ್ಕ ಕೂಗಾಡಿ ಸ್ಟ್ಯಾಂಡರ್ಡೇ ಬರೆಸಿದಳು. ಹುಡುಗಿ ಏನು ಬಯಸಿದ್ದಳು ಅಂತ ಶಾಲೆಯವರೂ ಕೇಳಲಿಲ್ಲ, ಅಕ್ಕನೂ ಕೇಳಲಿಲ್ಲ. ಕೂಗಾಡೋಕೆ ಅವಳಿಗೊಬ್ಬ ಅಮ್ಮ ಇದ್ದಳು. ಅಪ್ಪ-ಅಮ್ಮನಿಗೆ ‘ಬೇಸಿಕ್’ ಅಂದರೇನು ಅಂತಲೇ ಗೊತ್ತಿಲ್ಲದ ಮನೆಯ ಮಗು ಏನು ಮಾಡುತ್ತೆ? ಶಾಲೆ ತೋರಿಸಿದ ಕಡೆ ಹೋಗುತ್ತೆ. ಎರಡು ಸಾಲು ಮಾಡಿದ ಕೂಡಲೇ ಯಾರ್ಯಾರು ಯಾವ ಸಾಲಿನಲ್ಲಿ ನಿಲ್ಲುತ್ತಾರೆ ಅನ್ನೋದು ನಮ್ಮ ದೇಶದಲ್ಲಿ ಊಹಿಸಲಾರದ ವಿಷಯವೇನಲ್ಲ.

ಇಂಗ್ಲೆಂಡಿನವರು ಇದನ್ನು ನಮಗಿಂತ ಮೊದಲೇ ಅನುಭವಿಸಿದ್ದಾರೆ. ಅಲ್ಲಿ 1982ರಲ್ಲಿ ಕಾಕ್‌ಕ್ರಾಫ್ಟ್ ಸಮಿತಿ ಶಾಲಾ ಗಣಿತದ ಬಗ್ಗೆ ಕೊಟ್ಟ ವರದಿಯ ಒಂದು ಮಾತು ಇವತ್ತಿಗೂ ಹಳತಾಗಿಲ್ಲ: ಪರೀಕ್ಷೆ ಇರಬೇಕಾದ್ದು ಮಗುವಿಗೆ ಗೊತ್ತಿರೋದನ್ನು ತೋರಿಸೋಕೆ, ಗೊತ್ತಿಲ್ಲದ್ದನ್ನು ಬಯಲು ಮಾಡೋಕಲ್ಲ. ಮೂರನೇ ಒಂದು ಭಾಗ ಮಾತ್ರ ಮಾಡಲಾಗುವ ಪತ್ರಿಕೆಯ ಮುಂದೆ ಮಕ್ಕಳನ್ನು ಮತ್ತೆ ಮತ್ತೆ ಕೂರಿಸಿದರೆ ಅವರು ಕಲಿಯೋದು ಸೋಲನ್ನು ಮಾತ್ರ ಅನ್ನೋದು ಅವರ ಆತಂಕ. ಆಮೇಲೆ 1988ರಲ್ಲಿ ಹಳೆಯ ಎರಡು ಪರೀಕ್ಷೆಗಳನ್ನು ಸೇರಿಸಿ ಒಂದು ಮಾಡಿದರು. ಆದರೆ ಗಣಿತದೊಳಗೆ ಮಟ್ಟಗಳು ಉಳಿದವು. ಇವತ್ತಿಗೂ ಅಲ್ಲಿ ಕೆಳಮಟ್ಟದ ಪತ್ರಿಕೆ ಬರೆದವರಿಗೆ ಎಷ್ಟೇ ಚೆನ್ನಾಗಿ ಬರೆದರೂ 9ಕ್ಕೆ 5ಕ್ಕಿಂತ ಹೆಚ್ಚಿನ ಗ್ರೇಡ್ ಇಲ್ಲ.

ನನ್ನ ಮನಸ್ಸು ನಿಂತಿರೋದು ಹೀಗೆ. ಪತ್ರಿಕೆ ಎರಡಿರಲಿ, ಮಕ್ಕಳನ್ನು ಎರಡು ಮಾಡೋದು ಬೇಡ. ಮೊದಲನೇ ಪತ್ರಿಕೆ ಎಲ್ಲರಿಗೂ: ಭಾಗಾಕಾರ, ಭಿನ್ನರಾಶಿ, ಶೇಕಡ, ಬಡ್ಡಿ, ಅಳತೆ, ಒಂದು ಗ್ರಾಫ್ ಓದಿ ಅರ್ಥ ಮಾಡಿಕೊಳ್ಳೋದು, ಪತ್ರಿಕೆಯಲ್ಲಿ ಬಂದ ಒಂದು ಸರಾಸರಿಯನ್ನು ಅನುಮಾನಿಸೋದು. ಇದರಲ್ಲಿ ಪಾಸಾಗೋಕೆ 35 ಅಲ್ಲ, 80 ಬೇಕು. ನಾಗರಿಕನಾಗಿ ಬದುಕೋಕೆ ಬೇಕಾದ ಗಣಿತ ಇದು ಅಂತ ಒಪ್ಪಿಕೊಂಡ ಮೇಲೆ ಅದರಲ್ಲಿ ಮೂರನೇ ಒಂದು ಭಾಗ ಸಾಕು ಅನ್ನೋದು ಯಾವ ನ್ಯಾಯ? ಎರಡನೇ ಪತ್ರಿಕೆ ಬೀಜಗಣಿತ, ಪ್ರಮೇಯ, ತ್ರಿಕೋನಮಿತಿಯದ್ದು. ಅದರಲ್ಲಿ ಪಾಸು ಫೇಲು ಇಲ್ಲ, ಅಂಕ ಮಾತ್ರ. ಯಾರು ಬೇಕಾದರೂ ಬರೆಯಬಹುದು, ಹತ್ತರಲ್ಲಿ ಬರೆಯದವರು ಹನ್ನೆರಡರಲ್ಲಿ, ಇಪ್ಪತ್ತೈದನೇ ವಯಸ್ಸಿನಲ್ಲೂ ಬರೆಯಬಹುದು. ಮೊದಲನೆಯದರಲ್ಲಿ ದಡ ಸೇರದವರು ಮತ್ತೆ ಬರೀಬೇಕು. ವರ್ಷಕ್ಕೆ ಮೂರು ಪರೀಕ್ಷೆ ನಡೆಸುವ ವ್ಯವಸ್ಥೆ 2024ರಲ್ಲಿ ನಮ್ಮಲ್ಲೇ ಬಂದಿತ್ತು.

ಇಷ್ಟು ಹೇಳಿದ ಮೇಲೆ ನನಗೇ ಕೊರೆಯೋದು ಒಂದಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಚೆನ್ನೈನ ಆರ್. ರಾಮಾನುಜಂ ಅವರ ಅಧ್ಯಕ್ಷತೆಯ ಗುಂಪು ಗಣಿತ ಕಲಿಕೆಯ ಬಗ್ಗೆ ಒಂದು ದಾಖಲೆ ಬರೆದಿತ್ತು. ಗಣಿತಕ್ಕೆ ಕಿರಿದಾದ ಗುರಿಯೂ ಇದೆ, ಹಿರಿದಾದ ಗುರಿಯೂ ಇದೆ ಅನ್ನುತ್ತೆ ಅದು. ಲೆಕ್ಕ ಮಾಡೋಕೆ ಬರೋದು ಕಿರಿದು. ಮಗುವಿನ ಯೋಚನೆಯೇ ಗಣಿತದ ದಾರಿಯಲ್ಲಿ ಓಡಾಡೋಕೆ ಶುರುವಾಗೋದು ಹಿರಿದು. ನನ್ನ ಮೊದಲನೇ ಪತ್ರಿಕೆ ಪೂರ್ತಿ ಕಿರಿದಾದ ಗುರಿಯದ್ದು. ಬಡವರ ಮಕ್ಕಳಿಗೆ ಬಡ್ಡಿ ಲೆಕ್ಕ, ಉಳ್ಳವರ ಮಕ್ಕಳಿಗೆ ಪ್ರಮೇಯದ ಸೊಗಸು ಅಂತಾಗಿಬಿಟ್ಟರೆ?

ಭಾನುವಾರ ಬೆಳಗ್ಗೆ ನಾವು ನಾಲ್ಕೈದು ಜನ ಗೆಳೆಯರು ನಮ್ಮ ಬಡಾವಣೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೇವೆ. ಕಟ್ಟಡ ಕೆಲಸದವರ, ಮನೆಗೆಲಸದವರ ಮಕ್ಕಳು. ಅದರಲ್ಲೊಬ್ಬಳು ಒಂಬತ್ತನೇ ತರಗತಿಯವಳು, ಭಾಗಾಕಾರ ಅಂದರೆ ಮುಖ ಸಣ್ಣ ಮಾಡ್ತಾಳೆ. ಒಂದು ದಿನ ನೆಲದ ಮೇಲೆ ರಂಗೋಲಿ ಚುಕ್ಕಿ ಇಟ್ಟಿದ್ದಳು: 1, 3, 5, 7, ಮತ್ತೆ 5, 3, 1. ‘ಒಟ್ಟು ಎಷ್ಟಾಯ್ತು?’ ಅಂದೆ. ಎಣಿಸದೇ ‘ಇಪ್ಪತ್ತೈದು’ ಅಂದಳು. ಹೇಗೆ ಅಂದರೆ, ರಂಗೋಲಿಯನ್ನು ಓರೆಯಾಗಿ ನೋಡಿ ಅಂತ ನನ್ನ ತಲೆಯನ್ನೇ ವಾಲಿಸಿದಳು. ವಾಲಿಸಿ ನೋಡಿದರೆ ನಾಲ್ಕು ನಾಲ್ಕಲಿ ಹದಿನಾರು ಚುಕ್ಕಿಯ ಒಂದು ಚೌಕ, ಅದರ ಸಂದಿನಲ್ಲಿ ಮೂರು ಮೂರಲಿ ಒಂಬತ್ತರ ಇನ್ನೊಂದು ಚೌಕ. 1+3+5+7 ಹದಿನಾರು, 5+3+1 ಒಂಬತ್ತು. ಬೆಸಸಂಖ್ಯೆಗಳನ್ನು ಒಂದರಿಂದ ಕೂಡಿಸುತ್ತಾ ಹೋದರೆ ಯಾವಾಗಲೂ ವರ್ಗಸಂಖ್ಯೆಯೇ ಬರುತ್ತೆ ಅನ್ನೋದನ್ನು ಪುಸ್ತಕ ಹತ್ತನೇ ತರಗತಿಯಲ್ಲಿ ಶ್ರೇಢಿಯ ಸೂತ್ರ ಹಾಕಿ ಹೇಳಿಸುತ್ತೆ. ಇವಳು ಅದನ್ನು ಬಾಗಿಲ ಮುಂದೆ ಬಿಡಿಸಿಟ್ಟಿದ್ದಳು. ‘ಹನ್ನೊಂದು ಚುಕ್ಕಿವರೆಗೂ ಹೋದರೆ?’ ಅಂದೆ. ಸ್ವಲ್ಪ ಹೊತ್ತು ಬಿಟ್ಟು ‘ಮೂವತ್ತಾರು, ಇಪ್ಪತ್ತೈದು, ಅರವತ್ತೊಂದು ಅಣ್ಣ’ ಅಂದಳು.

ಇವಳು ಬೇಸಿಕ್ಕಾ, ಸ್ಟ್ಯಾಂಡರ್ಡಾ? ಮೊದಲನೇ ಪತ್ರಿಕೆಯಲ್ಲಿ ಇವಳು ಸದ್ಯಕ್ಕೆ ದಡ ಸೇರಲ್ಲ. ಎರಡನೆಯದರಲ್ಲಿ ನಿಮ್ಮನ್ನೂ ನನ್ನನ್ನೂ ಬೆಚ್ಚಿಬೀಳಿಸಬಹುದು. ಅದಕ್ಕೇ ಒಂದು ಪತ್ರಿಕೆ ಇನ್ನೊಂದಕ್ಕೆ ಮೆಟ್ಟಿಲಾಗಬಾರದು, ಎರಡಕ್ಕೂ ಬೇರೆ ಬೇರೆ ಬಾಗಿಲಿರಬೇಕು ಅನ್ನೋದು. ತರಗತಿಯಲ್ಲಂತೂ ಎರಡೂ ಗಣಿತ ಎಲ್ಲ ಮಕ್ಕಳಿಗೂ ಸಿಗಲೇಬೇಕು. ‘ಪರೀಕ್ಷೆಗೆ ಬರದ್ದನ್ನು ಯಾರು ಪಾಠ ಮಾಡ್ತಾರೆ?’ ಅಂದರೆ, ಈ ಮಾತಿಗೆ ನನ್ನ ಹತ್ತಿರ ಗಟ್ಟಿ ಉತ್ತರವಿಲ್ಲ. ರಂಗೋಲಿಗೆ ಅಂಕ ಕೊಡೋಕೆ ಹೋದರೆ ಏನಾಗುತ್ತೆ ಅಂತ 2009ರಿಂದ 2017ರವರೆಗೆ ಸಿಬಿಎಸ್‌ಇ ಹತ್ತನೇ ತರಗತಿಯಲ್ಲಿ ನಡೆದ ಸಿಸಿಇ ಪದ್ಧತಿಯಲ್ಲಿ ನೋಡಿದ್ದಾಗಿದೆ. ಮಕ್ಕಳ ಪ್ರಾಜೆಕ್ಟುಗಳನ್ನು ಅಮ್ಮಂದಿರೂ ಸ್ಟೇಷನರಿ ಅಂಗಡಿಯವರೂ ಸೇರಿ ಮುಗಿಸುತ್ತಿದ್ದರು.

ಮೊನ್ನೆ ಊರಿಗೆ ಹೋದಾಗ ಭಾವನಿಗೆ ಇದನ್ನೆಲ್ಲ ಹೇಳಿದೆ. ಹಿತ್ತಲಲ್ಲಿ ಕೂತು ಈ ವರ್ಷದ ಪ್ಯಾಕೇಜ್ ತಿದ್ದುತ್ತಿದ್ದರು. ಪೂರ್ತಿ ಕೇಳಿದರು. “ಎಂಬತ್ತು ಅಂತ ಇಟ್ರೆ ಮೊದಲನೇ ವರ್ಷ ನಮ್ಮ ತಾಲ್ಲೂಕಲ್ಲಿ ಎಷ್ಟು ಮಕ್ಕಳು ಫೇಲಾಗ್ತಾರೆ ಗೊತ್ತಾ? ಆ ಮನೆಗಳ ಮುಂದೆ ಯಾರು ನಿಲ್ತಾರೆ, ನೀನಾ?” ಅಂದರು.

ಫೇಲ್ ಅಂತ ಬರೆಯೋದೇ ಬೇಡ, ಏನು ಬರುತ್ತೆ ಅನ್ನೋದನ್ನು ಬರೆಯೋಣ ಅಂದೆ. ‘ಶೇಕಡ ಬರುತ್ತೆ, ಅಳತೆ ಬರುತ್ತೆ, ಭಾಗಾಕಾರ ಇನ್ನೂ ಕಲೀಬೇಕು.’ ಪಿಯುಸಿಗೂ ಐಟಿಐಗೂ ಸೇರಿಸಿಕೊಳ್ಳಲಿ, ಕಲೀಬೇಕಾದ್ದನ್ನು ಅಲ್ಲಿ ಕಲಿಸಲಿ. ಕಾರ್ಡು ನಿಜ ಹೇಳಬೇಕು ಅಂದರೆ ಆ ನಿಜಕ್ಕೆ ಬಾಗಿಲು ಮುಚ್ಚುವ ಅಧಿಕಾರ ಇರಬಾರದು.

ಭಾವ ಪೆನ್ನು ಕೆಳಗಿಟ್ಟರು. “ಅಷ್ಟುದ್ದ ಓದೋಕೆ ಯಾವ ಪ್ರಿನ್ಸಿಪಾಲರಿಗೆ ಪುರುಸೊತ್ತಿದೆಯೋ?” ಅಂದರು. ಆಮೇಲೆ ಪ್ಯಾಕೇಜಿನ ಕೊನೇ ಹಾಳೆ ತಿರುಗಿಸಿ, ಖಾಲಿ ಇದ್ದ ಹಿಂಬದಿಯಲ್ಲಿ 432 ಬರೆದು, ಪಕ್ಕದಲ್ಲಿ 7 ಹಾಕಿ, ಹಂತ ಹಂತವಾಗಿ ಭಾಗಿಸುತ್ತಾ ಹೋದರು. “ಇದನ್ನೂ ಸೇರಿಸಿ ಜೆರಾಕ್ಸ್ ಹೊಡೆಸ್ತೀನಿ. ಮಾರ್ಕ್ಸ್ ಇಲ್ಲ ಅಂತ ಮಾತ್ರ ಅವರಿಗೆ ಹೇಳಲ್ಲ.”